ಕಾಯುವ ಬಾಗಿಲು

ತೊಗರಿಕಾಯಿ ಸುಲಿಯುತ್ತ ನಮ್ಮ ಬಾಗಿಲು ಸಂಘದ ಸಭೆ ನಡೆದಿತ್ತು. ಊರಲ್ಲಿ ಕೀಲಿಕೈ ಹೋಗಿ ಬಹಳ ವರ್ಷವಾಯಿತು. ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ. ಅದರ ಸಾಫ್ಟ್‌ವೇರ್ ಮಾಡುವವರು ನಾವು. ಹೊಸ ಆವೃತ್ತಿ ಬಂದಾಗ ಪತ್ರಿಕೆಗಳಿಗೆ ಪ್ರಕಟಣೆ ಕಳಿಸಬೇಕು. ಅದರಲ್ಲಿ ಮೂರೇ ಸೌಲಭ್ಯ ಹೇಳಬಹುದು. ಹೇಳದೆ ಬಿಟ್ಟದ್ದು ಎಲ್ಲ ಬಾಗಿಲುಗಳಿಂದಲೂ ಅಳಿಸಿಹೋಗುತ್ತದೆ. ಕಳ್ಳನನ್ನು ಗುರುತಿಸುವುದಕ್ಕೂ ಬೆಂಕಿ ಬಿದ್ದರೆ ತಾನೇ ತೆರೆಯುವುದಕ್ಕೂ ಯಾರ ತಕರಾರೂ ಇರಲಿಲ್ಲ. ಮೂರನೆಯದಕ್ಕೆ ಜಗಳ ಹತ್ತಿ, ದಸರೆಯಿಂದ ಪ್ರಕಟಣೆಯ ಪತ್ರ ನನ್ನ ಬಳಿಯೇ ಉಳಿದಿತ್ತು.

“ಬೀಗರು ಬಂದ್ರ ಬಾಗಿಲು ಹಾಡತದ ಅಂತ ಬರೀರಿ ಅಕ್ಕಾರ,” ಎಂದ ಕಾರ್ಯದರ್ಶಿ ಕಾಶಪ್ಪ. ಆ ಹಾಡು ಹಾಡಿದವನೂ ಅವನೇ. “ಮಾತು ಮುಗಿಯೂತನಕ ಕಾಯ್ತದ ಅಂದ್ರ ಯಾರ್ ತಗೋತಾರ?”

“ಬಸಲಿಂಗವ್ವ ತಗೊಂಡಾಳಲ್ಲ,” ಎಂದೆ.

ನನ್ನ ಪಕ್ಕ ಕೂತಿದ್ದ ಬಸಲಿಂಗವ್ವನಿಗೆ ಮಾತು ತೊದಲುತ್ತದೆ. ಹಳೆಯ ಆವೃತ್ತಿಯ ಬಾಗಿಲು ಅವಳ ಹೆಸರು ಮುಗಿಯುವ ಮೊದಲೇ ಕೇಳುವುದನ್ನು ನಿಲ್ಲಿಸುತ್ತಿತ್ತು. ಎಷ್ಟೋ ಸಂಜೆ ಅವಳು ತನ್ನ ಮನೆಯ ಕಟ್ಟೆಯ ಮೇಲೇ ಕೂತಿದ್ದುಂಟು. ಈಗಿನದು ಕಾಯುತ್ತದೆ.

“ಹಾ... ಹಾಡು...” ಎಂದಳು ಅವಳು.

“ಹಾಡೇ ಇರಲಿ ಅಂತಾಳ ನೋಡ್ರಿ,” ಎಂದು ಕಾಶಪ್ಪ ಅವಳ ಮಾತನ್ನು ತಾನೇ ಮುಗಿಸಿದ.

ಅವಳು ಅಲ್ಲವೆಂದು ತಲೆಯಾಡಿಸಿದಳು. ನಾನು ಕೈಯೆತ್ತಿ ಅವನನ್ನು ಸುಮ್ಮನಿರಿಸಿದೆ. ಎಲ್ಲರೂ ಕಾದೆವು.

“ಹಾಡು ನಾ... ನಾನೇ ಹಾಡ್ಕೋತೀನಿ, ತಮ್ಮಾ. ನನಗ ಮ... ಮನಿಯೊಳಗ ಹೋಗಬೇಕು.”

ಕಾಶಪ್ಪ ಸ್ವಲ್ಪ ಹೊತ್ತು ಕಾಯಿ ಸುಲಿದ. “ಬರೀರಿ ಅಕ್ಕಾರ,” ಎಂದ ಆಮೇಲೆ.

ಕೈ ಒರೆಸಿಕೊಂಡು ‘ಮಾತು ಮುಗಿಯುವವರೆಗೂ ಕಾಯುತ್ತದೆ’ ಎಂಬುದನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಅವಳ ಎದುರಿಗೇ ಪತ್ರ ಕಳಿಸಿಬಿಟ್ಟೆ.