ಅರವತ್ತು ಹೆಜ್ಜೆ

ಎರಡು ಗ್ರಾಫ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ ಪೆರ್ಲಿತಾಗೆ ನಗು ಬಂತು. ಎರಡರಲ್ಲೂ ಪೆನ್ಸಿಲ್ ಗೆರೆ ಅದದೇ ಚೌಕದಲ್ಲಿ ಮೇಲೆ ಹತ್ತಿ, ಅದದೇ ಚೌಕದಲ್ಲಿ ಬಲಕ್ಕೆ ಹೊರಳಿತ್ತು. ಅರವತ್ತು ಹೆಜ್ಜೆಯವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಲ್ಲಿಂದಾಚೆಗಷ್ಟೇ ಎರಡೂ ತಂತಮ್ಮ ದಾರಿ ಹಿಡಿದಿದ್ದವು.

“ಸೋಮಾರಿ. ನಂದನ್ನೇ ನೋಡ್ಕೊಂಡು ಎಳೆದಿದ್ದೀಯಲ್ಲೇ. ನಮ್ಮ ಮಕ್ಕಳೂ ಇಷ್ಟು ರಾಜಾರೋಷವಾಗಿ ಕಾಪಿ ಹೊಡೆಯಲ್ಲ” ಎಂದು ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಲಿಯೊನಿಲಾಳನ್ನು ಛೇಡಿಸಿದಳು.

ಸೋಮವಾರ ಅದೇ ಶಾಲೆಯಲ್ಲಿ ಊರಿನ ಮುಖ್ಯಸ್ಥನ, ಅಂದರೆ ಕಪಿತಾನನ, ಚುನಾವಣೆ ನಡೆದಿತ್ತು. ಮತ ಎಣಿಸುವ ಕೆಲಸ ಎಂದಿನಂತೆ ಶಿಕ್ಷಕರದು. ಒಂದನೇ ಕೋಣೆಗೆ ಪೆರ್ಲಿತಾ, ಎರಡನೆಯದಕ್ಕೆ ಲಿಯೊನಿಲಾ. ಹತ್ತನೇ ತರಗತಿಗೆ ಗಣಿತ ಕಲಿಸುವ ಪೆರ್ಲಿತಾ, ಚೌಕಗಳ ಮೇಲಿನ ನಡಿಗೆಯನ್ನು ಮಕ್ಕಳಿಗೆ ನಿಜದ ಲೆಕ್ಕದಲ್ಲೇ ತೋರಿಸಬೇಕೆಂದುಕೊಂಡಿದ್ದಳು. ಕೂಗಿದ ಚೀಟಿ ಹಾಲಿ ಕಪಿತಾನ ಎವಾರಿಸ್ತೊನದಾದರೆ ಒಂದು ಹೆಜ್ಜೆ ಮೇಲಕ್ಕೆ, ಎದುರು ನಿಂತ ನೆಮೆಸಿಯಾಳದಾದರೆ ಒಂದು ಹೆಜ್ಜೆ ಬಲಕ್ಕೆ. ಗೆಳತಿಗೂ ಒಂದು ಹಾಳೆ ಕೊಟ್ಟು, ಹೀಗೇ ಗೆರೆ ಎಳೆದುಕೊಡೆಂದು ಗೋಗರೆದಿದ್ದಳು.

ಲಿಯೊನಿಲಾ ತಲೆಯೆತ್ತಲಿಲ್ಲ. “ನಿಂದನ್ನ ಯಾವಾಗ ನೋಡ್ಲಿ? ನಮ್ಮ ಕೋಣೇದು ಐದು ಗಂಟೆಗೆಲ್ಲ ಮುಗೀತು. ಹಾಳೆ ನಿನ್ನ ಡ್ರಾಯರಿಗೆ ಹಾಕಿ ಮನೆಗೆ ಹೋದೆ. ನೀನಿನ್ನೂ ಒಳಗೆ ಚೀಟಿ ಕೂಗಿಸ್ತಾ ಕೂತಿದ್ದೆ.”

ಅದು ನಿಜವೇ. ಪೆರ್ಲಿತಾ ಹಾಳೆಗಳನ್ನು ಮೇಜಿನ ಮೇಲಿಟ್ಟು, ಪ್ರತಿ ಹೆಜ್ಜೆಯ ಮೇಲೂ ಬೆರಳಿಟ್ಟು ಮತ್ತೆ ಎಣಿಸಿದಳು. ಮೇಲಕ್ಕೆ ನಲವತ್ತೊಂದು, ಬಲಕ್ಕೆ ಹತ್ತೊಂಬತ್ತು, ಎರಡರಲ್ಲೂ ಅದೇ ಅನುಕ್ರಮ. ಒಂದು ಚೌಕಕ್ಕೆ ಎಷ್ಟು ದಾರಿಗಳಿವೆಯೆಂದು ತಿಳಿಸುವ, ಮೇಲಿನ ಎರಡನ್ನು ಕೂಡಿ ಕೆಳಗಿನದನ್ನು ಬರೆಯುತ್ತ ಹೋಗುವ ಸಂಖ್ಯೆಗಳ ತ್ರಿಕೋನ ಅವಳಿಗೆ ಅಂಗೈರೇಖೆಯಷ್ಟು ಪರಿಚಿತ. ಇಪ್ಪತ್ತನೇ ಸಾಲಿನ ನಡುವೆಯೇ ದಾರಿಗಳು ಒಂದು ಲಕ್ಷ ಎಂಬತ್ತು ಸಾವಿರ ದಾಟುತ್ತವೆ. ಅರವತ್ತನೇ ಸಾಲಿನ ಈ ಜಾಗಕ್ಕೆ ಬರುವ ದಾರಿಗಳನ್ನು ಬರೆಯಲು ಹದಿನಾರು ಅಂಕಿ ಬೇಕು. ಅಷ್ಟರಲ್ಲಿ ಎರಡು ಕೋಣೆಯ ಜನ, ಒಬ್ಬರನ್ನೊಬ್ಬರು ಕೇಳದೆ, ಒಂದನ್ನೇ ತುಳಿದಿದ್ದರು.

ಅವಳು ಕುರ್ಚಿಯನ್ನು ಲಿಯೊನಿಲಾಳ ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಯಾರೋ ಒಂದೇ ಪಟ್ಟಿ ಮುಂದಿಟ್ಟುಕೊಂಡು ಹೆಸರು ಬರೆದಿದ್ದಾರೆ, ಅನುಮಾನ ಬಾರದಿರಲೆಂದು ನಡುನಡುವೆ ನೆಮೆಸಿಯಾಳನ್ನೂ ಸೇರಿಸಿದ್ದಾರೆ, ಅಷ್ಟೇ ಅಸಲಿ ಚೀಟಿಗಳನ್ನು ತೆಗೆದು ಅರವತ್ತರ ಒಂದೊಂದು ಕಟ್ಟನ್ನು ಎರಡೂ ಪೆಟ್ಟಿಗೆಗೆ ಇಳಿಸಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಎವಾರಿಸ್ತೊ ಗೆದ್ದದ್ದು ಇಡೀ ಊರಿನಲ್ಲಿ ಮೂವತ್ತೊಂದು ಮತದಿಂದ. ಈ ಎರಡು ಕಟ್ಟುಗಳಿಂದ ಅವನಿಗೆ ಸಿಕ್ಕ ಮುನ್ನಡೆಯೇ ನಲವತ್ತನಾಲ್ಕು.

ಲಿಯೊನಿಲಾಳ ಕೆಂಪು ಪೆನ್ನು ಯಾವುದೋ ಹುಡುಗನ ಉತ್ತರದ ಮೇಲೆಯೇ ನಿಂತಿತ್ತು. ಪೆಟ್ಟಿಗೆ ಬಿಟ್ಟು ನಾವು ಕದಲಲೇ ಇಲ್ಲವಲ್ಲ ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು.

“ಕದಲಿದ್ವಿ. ಕಪಿತಾನನ ಮನೆಯಿಂದ ಪಾನ್ಸಿತ್ ಬಂದಿತ್ತು” ಎಂದಳು ಪೆರ್ಲಿತಾ.

ಇಬ್ಬರಿಗೂ ನೆನಪಾಯಿತು. ದೊಡ್ಡ ತಟ್ಟೆಯಲ್ಲಿ ಬಿಸಿ ಶಾವಿಗೆ, ಮೇಲೆ ಸೀಗಡಿ, ಹಿಂಡಿಕೊಳ್ಳಲು ಕಲಮಾನ್ಸಿ ನಿಂಬೆ. ಎಣಿಕೆ ಶುರುವಾಗುವ ಮುಂಚೆ, ಚೀಟಿಗಳಿಗೆ ಜಿಡ್ಡು ಅಂಟೀತೆಂದು ಗ್ರಂಥಾಲಯದ ಕೋಣೆಗೆ ಹೋಗಿ ಕೂತು ತಿಂದಿದ್ದರು. ಕಾಲು ಗಂಟೆ. ಲಿಯೊನಿಲಾ ಎರಡನೇ ಸಲವೂ ಹಾಕಿಸಿಕೊಂಡಿದ್ದಳು. ಸಂಜೆ ತಂತಮ್ಮ ಕೋಣೆಯ ಎಣಿಕೆಯ ಅಧಿಕೃತ ಹಾಳೆಗಳಿಗೆ, ಎಲ್ಲ ಕಣ್ಣೆದುರೇ ನಡೆಯಿತೆಂದು ಇಬ್ಬರೂ ಪ್ರಮಾಣ ಮಾಡಿ ಸಹಿ ಹಾಕಿದ್ದರು.

ಲಿಯೊನಿಲಾ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಅವಳ ಗಂಡ ಊರಿನ ಆಂಬುಲೆನ್ಸ್ ಓಡಿಸುತ್ತಿದ್ದ, ಕಪಿತಾನ ಕೊಟ್ಟ ಕೆಲಸ.

“ನಾನು ಕಾಪಿ ಹೊಡೆದೆ ಅಂತಲೇ ಇಟ್ಕೋ” ಎಂದಳು. “ಯಾರು ಕೇಳಿದ್ರೂ ಹಾಗೇ ಹೇಳ್ತೀನಿ. ನಂಗೊಂದು ಸೋಮಾರಿ ಅನ್ನೋ ಹೆಸರು ಬರುತ್ತೆ, ಅಷ್ಟೇ ತಾನೆ. ನಿನ್ನ ಮಗಳಿಗೆ ಧರ್ಮತಾಯಿ ನಾನು, ಪೆರ್ಲಿ. ಇದೊಂದು ನನಗೋಸ್ಕರ ಮಾಡು.”

ಪೆರ್ಲಿತಾಗೂ ಆ ಮಾತು ಒಂದು ಕ್ಷಣ ಹಾಯೆನಿಸಿತ್ತು, ಅದಕ್ಕೆ ನಾಚಿಕೆಯಾಗಿತ್ತು. ಗಂಟೆ ಹೊಡೆಯಿತು. ಹಾಳೆಗಳಿಗೆ ಕೈ ಚಾಚಿದಾಗ ಲಿಯೊನಿಲಾ ತನ್ನದರ ಅಂಚು ಹಿಡಿದುಕೊಂಡಳು. ಇಬ್ಬರೂ ಎಳೆಯಲಿಲ್ಲ, ಬಿಡಲೂ ಇಲ್ಲ. ಕೊನೆಗೆ ಲಿಯೊನಿಲಾ ಕೈ ತೆಗೆದು ಮುಖ ಆಚೆ ತಿರುಗಿಸಿಕೊಂಡಳು.

ಏನು ಹೇಳಬೇಕೆಂದು ತೀರ್ಮಾನಿಸದೆಯೇ ಪೆರ್ಲಿತಾ ತರಗತಿಗೆ ಹೋದಳು. ಎರಡೂ ಹಾಳೆಗಳನ್ನು ಕಪ್ಪುಹಲಗೆಗೆ ಅಂಟಿಸಿ, ಇವು ಎರಡು ಬೇರೆ ಕೋಣೆಗಳ ಮತ ಎಣಿಕೆ ಎಂದಷ್ಟೇ ಹೇಳಿ, ಹೋಲಿಸಿ ನೋಡಲು ಬಿಟ್ಟಳು. ಮೊದಲು ಗುಸುಗುಸು, ಆಮೇಲೆ ಒಂದಿಬ್ಬರು ಎದ್ದು ಬಂದು ಬೆರಳಿಟ್ಟು ಎಣಿಸಿದರು. ಹಿಂದಿನ ಬೆಂಚಿನವರು ನೋಟ್‌ಬುಕ್ಕಿನಲ್ಲಿ ತ್ರಿಕೋನದ ಸಾಲುಗಳನ್ನು ಇಳಿಸುತ್ತ ಹೋದರು. ಹದಿನೈದನೇ ಸಾಲಿನ ಹೊತ್ತಿಗೆ ಬರೆಯುವ ಸದ್ದು ನಿಂತು ಹೋಯಿತು. ನಲವತ್ತು ಮಕ್ಕಳು ಹಲಗೆಯನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದರು.

ಕಿಟಕಿಯ ಪಕ್ಕದ ಲಿಗಾಯಾ ಎದ್ದು ನಿಂತಳು. ಮೀನು ಹಿಡಿಯುವವನ ಮಗಳು, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ.

“ನಮ್ಮಪ್ಪ ಅವತ್ತು ದೋಣಿ ಬಿಟ್ಟು ಬಂದು ಒಂದನೇ ಕೋಣೇಲಿ ವೋಟು ಹಾಕಿದ್ರು, ಮೇಡಂ. ಅದು ಈಗ ಎಲ್ಲಿದೆ?”