ಲಂಡನ್ನಿನ ಸಂಚಿಕೆ

"ಬನಶಂಕರೀಲಿ ಅಚ್ಚಾಗೋದೂ ಒಂದು ಜರ್ನಲ್ಲೇನ್ರೀ, ಕೊಟ್ರಪ್ಪ? ಅದರಲ್ಲಿ ಬರೆದ್ರೆ ಪ್ರಮೋಷನ್ ಸಿಗಲ್ಲ," ಎಂದು ಜಯನಗರದ ಕಾಮರ್ಸ್ ಕಾಲೇಜಿನ ಪ್ರಿನ್ಸಿಪಾಲರು ಲಂಡನ್ನಿನ ವಾಣಿಜ್ಯ ಪತ್ರಿಕೆಯೊಂದನ್ನು ಮೇಜಿಗೆ ಕುಕ್ಕಿದರು. "ಕ್ವಾಲಿಟಿ ಅಂದ್ರೆ ಇದು. ಅರವತ್ತೊಂದನೇ ಇಸವಿ ಸಂಚಿಕೆ. ಎರಡು ಸಲ ಓದಿದೀನಿ!"

ಉಪನ್ಯಾಸಕ ಕೊಟ್ರಪ್ಪನ ಎಂಟು ವರ್ಷದ ಪಾಠ, ಬರಹವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು. ಅವನು ಪತ್ರಿಕೆಯತ್ತ ಬಗ್ಗಿದ. "ಅದರಲ್ಲಿ ಯಾವ ಲೇಖನ ಚೆನ್ನಾಗಿದೆ, ತೋರಿಸಿ ಸಾರ್. ಕಲಿತ್ಕೋತೀನಿ."

ಪ್ರಿನ್ಸಿಪಾಲರು ಪತ್ರಿಕೆ ತೆರೆಯಹೋದರು. ಬೆರಳು ಒಳಗೆ ಹೋಗಲಿಲ್ಲ. ಅಚ್ಚಿನ ಮನೆಯಲ್ಲಿ ಮಡಿಚಿದ ಹಾಳೆಗಳ ಅಂಚು ಇನ್ನೂ ಕೂಡಿಕೊಂಡೇ ಇತ್ತು. ಅದನ್ನು ಸೀಳದೆ ಯಾರೂ ಓದುವಂತಿರಲಿಲ್ಲ.

ಮೇಜಿನ ಮೇಲಿದ್ದ, ಕಾಗದ ಸೀಳುವ ಹಿತ್ತಾಳೆ ಚಾಕುವನ್ನು ಕೊಟ್ರಪ್ಪ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ತಗೊಳ್ಳಿ ಸಾರ್."