ಉಸಿರಾಡುವ ಪುಟ

ಊರಿನವರ ವೆಬ್‌ಸೈಟುಗಳನ್ನೆಲ್ಲ ಚೆಂದ ಮಾಡಿಕೊಟ್ಟ ಡಿಸೈನ್ ಸ್ಟುಡಿಯೋದಲ್ಲಿ ಕೊನೆಗೂ ಸ್ವಂತ ವೆಬ್‌ಸೈಟಿಗೆ ಹೊಸ ರೂಪ ಕೊಡುವ ಮೀಟಿಂಗ್ ಸೇರಿತು. ಮಾಲೀಕ ಶ್ರೀವತ್ಸನ ಕಣ್ಣಿಗೆ ಇದ್ದದ್ದೆಲ್ಲ ಕಸವೇ.

"ಇಷ್ಟೊಂದು ಫೋಟೋ ಯಾಕೆ? ತೆಗೀರಿ. ಪುಟ ಉಸಿರಾಡ್ಬೇಕು."

ಪುಟ ಉಸಿರಾಡುವುದನ್ನು ಯಾರೂ ಕಂಡಿರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು. ಮಾಡಿದ ಕೆಲಸಗಳ ವಿವರ ಹೋಯಿತು, ಮೆನು ಹೋಯಿತು, ವಿಳಾಸವೂ ಹೋಯಿತು.

"ಸರ್, ಫೋನ್ ನಂಬರಾದ್ರೂ ಇರ್ಲಿ," ಎಂದಳು ಡಿಸೈನರ್ ಮೇದಿನಿ.

"ನಂಬರ್ ಹಾಕೋಕೆ ನಾವೇನು ಬೋರ್‌ವೆಲ್ ಕೊರೆಯೋರಾ? ಬೇಕಾದೋರು ಹುಡುಕ್ಕೊಂಡು ಬರ್ತಾರೆ."

ಹೊಸ ವೆಬ್‌ಸೈಟ್ ಬಂತು. ಬೆಳ್ಳನೆಯ ಪುಟ, ನಡುವೆ ಬೂದು ಬಣ್ಣದಲ್ಲಿ ಸ್ಟುಡಿಯೋದ ಹೆಸರು, ಅದರ ಕೆಳಗೆ ಸಣ್ಣಗೆ 'ಧನ್ಯವಾದ'. ನೋಡಿ ನೋಡಿ ಶ್ರೀವತ್ಸನೇ ಭಾವುಕನಾದ.

ಮರುವಾರ ಯಾರೋ ಬಾಗಿಲು ತಟ್ಟಿದರು.

"ನೋಡಿದ್ರಾ ಮೇದಿನಿ, ಹುಡುಕ್ಕೊಂಡು ಬಂದ್ರು," ಎನ್ನುತ್ತ ಶ್ರೀವತ್ಸ ಕಾಲರ್ ಸರಿಮಾಡಿಕೊಂಡು ಬಾಗಿಲು ತೆರೆದ. ಹೊರಗೆ ಕಟ್ಟಡದ ಓನರ್ ನಿಂತಿದ್ದರು, ಜೊತೆಗೆ ಅಳತೆ ಟೇಪು ಹಿಡಿದ ಇಬ್ಬರು.

"ನಿಮ್ಮ ವೆಬ್‌ಸೈಟ್ ನೋಡ್ದೆ," ಎಂದರು ಓನರ್. "ಮುಚ್ಚೋ ವಿಷಯ ನಂಗೂ ಒಂದು ಮಾತು ಹೇಳ್ಬೋದಿತ್ತು. ಇರ್ಲಿ ಬಿಡಿ, ಇವರು ಇಲ್ಲಿ ಜಿಮ್ ಮಾಡ್ತಾರಂತೆ."